ಶೇಂಗಾ ಹಾಲಿನ ಕಾಫಿಗೆ ಒಂದು ಬೆರಳು ನೊರೆ

ಇಳಕಲ್ಲಿನಲ್ಲಿ ಆಗ ಕಾಫಿ ಕುಡಿಯುವವರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾಗುತ್ತಿದ್ದವು. ನೇಕಾರರು ಚಹಾ ಕುಡಿಯುತ್ತಿದ್ದರು, ಕಲ್ಲಿನ ಖಣಿಯವರು ಚಹಾ ಕುಡಿಯುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರಾದರೂ ಕಾಫಿ ಕೇಳಿದರೆ, ಜ್ವರ ಬಂದಿದೆಯೇನೋ ಎಂಬಂತೆ ಅವರ ಮುಖ ನೋಡುತ್ತಿದ್ದರು. ಇಂಥ ಊರಿನ ಹೆಂಗಸರಿಗೆ, ಶೇಂಗಾದಿಂದ ಹಾಲು ತೆಗೆದು, ಆ ಹಾಲಿನಿಂದ ನೊರೆ ಉಕ್ಕುವ ಕಾಫಿ ಮಾಡುವುದನ್ನು ಕಲಿಸಬೇಕೆಂದು ನಮ್ಮ ಸಾಹೇಬರು ತೀರ್ಮಾನಿಸಿದರು. ಕಲಿಸಬೇಕಾದವಳು ನಾನು.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷ ಆಗಿತ್ತು. ನಾನು ಹುನಗುಂದ ತಾಲೂಕಿನಲ್ಲಿ ಗ್ರಾಮಸೇವಿಕೆ. ಆಫೀಸು ಹುನಗುಂದದಲ್ಲಿ, ನನ್ನ ಬಾಡಿಗೆ ಕೋಣೆ ಇಳಕಲ್ಲಿನ ನೇಕಾರರ ಓಣಿಯಲ್ಲಿ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ಕಾಯಂ ಮಾಡುವ ಶಿಫಾರಸಿಗೆ ಸಹಿ ಹಾಕಬೇಕಾದವರು ಇದೇ ಸಾಹೇಬರು. ಅವರು ದಕ್ಷಿಣದ ಕಡೆಯವರು, ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ನಮ್ಮ ಬಿಸಿಲು, ನಮ್ಮ ರೊಟ್ಟಿ, ನಮ್ಮ ಮಾತು, ನಮ್ಮ ಚಹಾ ಯಾವುದೂ ಅವರಿಗೆ ಸೇರುತ್ತಿರಲಿಲ್ಲ. ಊರಿನಿಂದ ತಂದ ಹಿತ್ತಾಳೆ ಫಿಲ್ಟರನ್ನು ಆಫೀಸಿನ ಕಪಾಟಿನಲ್ಲಿ, ಕಡತಗಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದರು.

ಮೇಲಿನಿಂದ ಬಂದ ಸುತ್ತೋಲೆಯಲ್ಲಿ ಕಾಫಿಯ ಮಾತೇ ಇರಲಿಲ್ಲ. ಶೇಂಗಾ ಬೆಳೆಯುವ ಕಡೆ ಅದರ ಹಾಲನ್ನು ಗಂಜಿಗೆ, ಪಾಯಸಕ್ಕೆ, ಪಾನೀಯಕ್ಕೆ ಬಳಸುವುದನ್ನು ಮನೆ ಮನೆಯಲ್ಲಿ ತೋರಿಸಿಕೊಡಿ ಎಂದಷ್ಟೇ ಇತ್ತು. ಪಾನೀಯ ಎಂಬ ಒಂದು ಶಬ್ದ ಹಿಡಿದುಕೊಂಡು ಸಾಹೇಬರು ಉಳಿದದ್ದನ್ನೆಲ್ಲ ಬಿಟ್ಟರು. ಅವರ ಲೆಕ್ಕದಲ್ಲಿ ಪಾನೀಯವೆಂದರೆ ಕಾಫಿ, ಕಾಫಿಯೆಂದರೆ ಮೇಲೆ ನಿಲ್ಲುವ ನೊರೆ. ತೋರುಬೆರಳನ್ನು ಅಡ್ಡ ಹಿಡಿದು, "ಇಷ್ಟು. ಒಂದು ಬೆರಳು ನೊರೆ ನಿಲ್ಲಬೇಕು. ಜನ ನೊರೆ ನೋಡಿ ನಂಬ್ತಾರೆ ಕಣಮ್ಮ, ರುಚಿ ನೋಡಿ ಅಲ್ಲ" ಎಂದರು. ಆ ಮಾತು ಕೇಳಿದಾಗ ಒಳಗೊಳಗೇ ನಕ್ಕಿದ್ದೆ. ಜನ ನಂಬುವುದೇ ಹಾಗೆ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ.

ಮೊದಲು ನನ್ನ ಕೋಣೆಯಲ್ಲೇ ಶುರು ಮಾಡಿದೆ. ಶೇಂಗಾ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ತಿಕ್ಕಿ ಸಿಪ್ಪೆ ತೆಗೆದು, ಒರಳಿನಲ್ಲಿ ನುಣ್ಣಗೆ ರುಬ್ಬಿ, ಒಂದಕ್ಕೆ ನಾಲ್ಕರಷ್ಟು ನೀರು ಹಾಕಿ, ತೆಳು ಬಟ್ಟೆಯಲ್ಲಿ ಹಿಂಡಿದರೆ ಹಾಲು ಬರುತ್ತದೆ. ನೋಡಲು ಹಾಲಿನ ಹಾಗೆಯೇ ಇರುತ್ತದೆ. ಮೂಗಿನ ಹತ್ತಿರ ತಂದರೆ ಹಸಿ ಕಾಳಿನ ವಾಸನೆ. ಕುದಿಸಿದರೆ ತಳ ಹಿಡಿಯುತ್ತದೆ. ಕುದಿಸದೆ ಕಡಗೋಲಿನಿಂದ ಕಡೆದರೆ ನೊರೆಯೇನೋ ಬರುತ್ತದೆ, ಸೋಪಿನ ನೀರಿನಂಥ ದೊಡ್ಡ ದೊಡ್ಡ ಗುಳ್ಳೆಗಳು. ಮೇಲೆ ಕಾಫಿ ಹೊಯ್ದ ಕೂಡಲೇ ಅವು ಒಡೆದು ಎಣ್ಣೆಯ ಕಣ್ಣುಗಳು ತೇಲುತ್ತವೆ. ಕುದಿಯುವ ಹಾಲಿಗೆ ಬಿಸಿ ಡಿಕಾಕ್ಷನ್ ಹೊಯ್ದರಂತೂ ಎಲ್ಲ ಒಡೆದು, ಮೇಲೆ ಕಂದು ನೀರು, ಕೆಳಗೆ ಚೂರು ಚೂರು. ಎರಡು ವಾರದಲ್ಲಿ ನಾನು ಅದನ್ನು ಒಡೆಯುವ ಎಲ್ಲ ದಾರಿಗಳನ್ನೂ ಕಲಿತೆ.

ಅಷ್ಟರಲ್ಲೇ ಸಾಹೇಬರು ಕಮತಗಿಯಲ್ಲಿ ಮೊದಲ ಪ್ರಾತ್ಯಕ್ಷಿಕೆ ಇಟ್ಟುಬಿಟ್ಟರು. ಇನ್ನೂ ಸರಿ ಬಂದಿಲ್ಲ ಎಂದು ಹೇಳಿದೆ. ಕಾರ್ಯಕ್ರಮ ಪಟ್ಟಿ ವಿಜಾಪುರದ ಜಿಲ್ಲಾ ಆಫೀಸಿಗೆ ಹೋಗಿದೆ ಎಂದರು. ಒಬ್ಬ ರೈತರ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಹೆಂಗಸರು ಕೂತರು. ಸಾಹೇಬರು ಪೋಷಕಾಂಶದ ಬಗ್ಗೆ ಭಾಷಣ ಮಾಡಿದರು. ನಾನು ಹೊಯ್ದ ಕಾಫಿ ಎಲ್ಲರ ಕಣ್ಣೆದುರಿಗೇ ಒಡೆಯಿತು. ಮನೆಯೊಡತಿ ಮರ್ಯಾದೆಯ ಹೆಂಗಸು, ನಗಲಿಲ್ಲ. ಕಪ್ಪನ್ನು ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದು ಬಂದು, ನಮಗಿಬ್ಬರಿಗೂ ಚಹಾ ಕೊಟ್ಟಳು. ಸಾಹೇಬರು ಆ ಚಹಾ ಮುಟ್ಟಲಿಲ್ಲ. ಜೀಪಿನಲ್ಲಿ ಬರುವಾಗ, ಈ ಕಡೆಯ ಹೆಂಗಸರಿಗೆ ಕಲಿಯುವ ಆಸಕ್ತಿಯೇ ಇಲ್ಲ ಎಂದರು. ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಅವರ ಮೇಲಿತ್ತು. ನಾನು ಅವರಿಗಿಂತ ಬೇರೆ ಎಂದು ತಿಳಿದುಕೊಂಡಿದ್ದೆ.

ಮುಂದಿನ ಪ್ರಾತ್ಯಕ್ಷಿಕೆ ಇಳಕಲ್ಲಿನಲ್ಲಿ, ಹತ್ತು ಮಗ್ಗ ಇಟ್ಟಿದ್ದ ಒಬ್ಬ ಮಾಲೀಕರ ಮನೆಯಲ್ಲಿ. ಈ ಸಲ ಬಾಗಲಕೋಟೆಯಿಂದ ಫೋಟೋ ತೆಗೆಯುವವರನ್ನೂ ಕರೆಸಿದ್ದರು. ಅಂದು ಬೆಳಿಗ್ಗೆ ಸಾಹೇಬರ ಜೀಪಿನಿಂದ ಒಂದು ಮುಚ್ಚಿದ ಡಬ್ಬಿ ಇಳಿಯಿತು. ಅದರಲ್ಲಿ ಎಮ್ಮೆಯ ಹಾಲು. ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ಅರ್ಧಕ್ಕರ್ಧ ಸೇರಿಸಲು ಹೇಳಿದರು. ನನ್ನ ಮುಖ ನೋಡಿ, "ನಾವೇನು ವಿಷ ಹಾಕ್ತಿದೀವಾ? ಹಾಲೇ ತಾನೆ" ಎಂದರು.

ಹಾಲೇ ತಾನೆ ಎಂದು ನಾನೂ ಅಂದುಕೊಂಡೆ. ಶಿಫಾರಸು ಇನ್ನೂ ಅವರ ಮೇಜಿನ ಮೇಲಿತ್ತು. ಸೇರಿಸಿದೆ. ಸೇರಿಸಿ, ಬಿಸಿ ಮಾಡಿ, ಕಡಗೋಲು ತಿರುಗಿಸಿದರೆ ಸಣ್ಣ ಸಣ್ಣ ಗುಳ್ಳೆಯ ದಪ್ಪ ನೊರೆ ಎದ್ದು ಪಾತ್ರೆಯ ಅಂಚಿಗೆ ಬಂತು. ಸಾಹೇಬರು ಕಪ್ಪಿನ ಮೇಲೆ ಬೆರಳು ಅಡ್ಡ ಹಿಡಿದು ಅಳೆದು ತೋರಿಸಿದರು. ಫೋಟೋ ತೆಗೆದರು. ಹೆಂಗಸರು ಕುಡಿದು, ಹಾಲಿನ ಹಾಗೆಯೇ ಇದೆಯಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಯಲ್ಲಿದ್ದ ಒಬ್ಬ ಮುದುಕಿ ಮಾತ್ರ ಬಸಿಗೆ ಹೊಯ್ದುಕೊಂಡ ಕಾಫಿಯನ್ನು ಮೂಸಿ, ನನ್ನ ಕಡೆ ಒಮ್ಮೆ ನೋಡಿ, ಕೆಳಗಿಟ್ಟಳು. ಜೀವನವಿಡೀ ಎಮ್ಮೆ ಹಿಂಡಿದವಳಿಗೆ ನಾನು ಏನು ಮಾಡಿದ್ದೇನೆಂದು ಗೊತ್ತಾಗದೆ ಇರುತ್ತದೆಯೇ.

ಅಲ್ಲಿ ಹೆಂಗಸರ ನಡುವೆ ಒಬ್ಬರೇ ಗಂಡಸರು ಕೂತಿದ್ದರು. ನಮ್ಮ ಓಣಿಯವರೇ, ಎಲ್ಲರೂ ಮಿಲ್ಟ್ರಿಯವರು ಎಂದು ಕರೆಯುತ್ತಿದ್ದರು. ಸೈನ್ಯದಲ್ಲಿ ಮದ್ರಾಸಿನ ಕಡೆಯ ಜವಾನರ ಜೊತೆ ಇದ್ದು ಕಾಫಿ ರೂಢಿ ಮಾಡಿಕೊಂಡು ಬಂದಿದ್ದರು. ಅಲ್ಲೇ ಕರುಳಿನ ಬೇನೆ ಹಿಡಿದು ತಿಂಗಳುಗಟ್ಟಲೆ ಮಲಗಿದ್ದರಂತೆ. ಅಂದಿನಿಂದ ಹಾಲು ಹೊಟ್ಟೆಗೆ ಹೋದರೆ ತಡೆಯುತ್ತಿರಲಿಲ್ಲ. ಹಾಲಿಲ್ಲದ ಕಾಫಿ ಕುಡಿದರೆ ಎದೆ ಉರಿ. ಹಾಗಾಗಿ ಆರು ವರ್ಷದಿಂದ ಕಾಫಿ ಬಿಟ್ಟಿದ್ದರು. ಶೇಂಗಾ ಹಾಲಿನ ಕಾಫಿ ಎಂದು ಕೇಳಿ, ತೊಳೆದ ಅಂಗಿ ಹಾಕಿಕೊಂಡು, ಹೆಂಡತಿಯ ಜೊತೆ ಬಂದಿದ್ದರು. ಇಡೀ ಇಳಕಲ್ಲಿನಲ್ಲಿ ನಮ್ಮ ಯೋಜನೆ ನಿಜವಾಗಿ ಬೇಕಾಗಿದ್ದ ಒಬ್ಬನೇ ಮನುಷ್ಯ.

ಕಪ್ಪು ಅವರ ಕೈಗೆ ಹೋಗುವಾಗ ಹೆಂಡತಿ ತಡೆದರು. ನನ್ನನ್ನೇ ಕೇಳಿದರು, "ಅಕ್ಕಾರ, ಇದರಾಗ ಹಾಲು ಇಲ್ಲಲ್ರಿ? ಇವ್ರಿಗೆ ಹಾಲು ಆಗಿ ಬರೂದಿಲ್ಲ."

ನಾನು ಬಾಯಿ ತೆರೆದೆ. ಸಾಹೇಬರು ನನಗಿಂತ ಮೊದಲು ಹೇಳಿದರು, "ಒಂದು ಹನಿ ಇಲ್ಲಮ್ಮ. ಪೂರ್ತಿ ಕಡಲೆಕಾಯಿದು."

ಆಕೆ ಸಾಹೇಬರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಇನ್ನೊಂದು ಕಪ್ಪಿಗೆ ಹೊಯ್ಯತೊಡಗಿದೆ. ಅದನ್ನು ಆಕೆ ಹೌದು ಎಂದು ತಿಳಿದುಕೊಂಡರು. ಮಿಲ್ಟ್ರಿಯವರು ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿದರು. ನೊರೆ ಮೀಸೆಗೆ ಹತ್ತಿತು. ಎರಡನೇ ಕಪ್ಪು ಕೇಳಿದರು. ಅದನ್ನೂ ನನ್ನ ಕೈಯಿಂದಲೇ ಕೊಟ್ಟೆ. ಸಾಹೇಬರನ್ನು ಹೀನಾಯವಾಗಿ ಕಾಣಲು ನನಗಿದ್ದ ಹಕ್ಕು ಅಲ್ಲಿಗೆ ಮುಗಿಯಿತು. ಆಮೇಲೆ ಹಾಗೆ ಕಂಡದ್ದೆಲ್ಲ ಹಕ್ಕಿಲ್ಲದೆಯೇ.

ಸಂಜೆಯ ಹೊತ್ತಿಗೆ ಅವರನ್ನು ದವಾಖಾನೆಗೆ ಎತ್ತಿಕೊಂಡು ಹೋದರೆಂದು ಓಣಿಯಲ್ಲಿ ಸುದ್ದಿ. ಮಧ್ಯಾಹ್ನದಿಂದಲೇ ಹೊಟ್ಟೆ ಹಿಂಡಿ, ಭೇದಿ ನಿಲ್ಲದೆ, ಕೊನೆಗೆ ಎದ್ದು ನಿಲ್ಲಲೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಹೋದದ್ದು ದವಾಖಾನೆಗಲ್ಲ, ಹುನಗುಂದದ ಆಫೀಸಿಗೆ. ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ನಡೆದದ್ದು ಹಾಗೆ. ಏನು ಮಾಡಬೇಕೆಂದು ಸಾಹೇಬರನ್ನು ಕೇಳಲು ಹೋದೆ, ಅವರು ಹೇಳಿದ್ದನ್ನು ಮಾಡಿದರೆ ತಪ್ಪು ಅವರದಾಗುತ್ತದೆ ಎಂಬ ಆಸೆಯಿಂದ.

ಅವರು ಫಿಲ್ಟರಿಗೆ ಪುಡಿ ತುಂಬಿ ಮಟ್ಟ ಮಾಡುತ್ತಿದ್ದರು. ಕೇಳಿಸಿಕೊಂಡರು. ಪುಡಿಯ ಮೇಲೆ ಬಿಲ್ಲೆ ಒತ್ತಿ, ಬಿಸಿನೀರು ಸುರಿದು, ಮುಚ್ಚಳ ಹಾಕಿದ ಮೇಲೆ, "ಕಡಲೆಕಾಯಿ ಕೆಲವರಿಗೆ ಆಗೋದಿಲ್ಲ. ಹಾಗಂತ ಹೇಳ್ಬಿಡಿ" ಎಂದರು. ಆಮೇಲೆ ಮುಂದಿನ ತಿಂಗಳು ವಿಜಾಪುರದಿಂದ ಮೇಲಧಿಕಾರಿಗಳು ಬರುವ ಕಾರ್ಯಕ್ರಮದ ಮಾತು ತೆಗೆದರು. ನಾನು ಎದ್ದು ಬಂದೆ.

ದವಾಖಾನೆಯಲ್ಲಿ ಮಿಲ್ಟ್ರಿಯವರ ಕೈಗೆ ಸಲೈನ್ ಚುಚ್ಚಿದ್ದರು. ಮುಖ ಒಂದೇ ದಿನಕ್ಕೆ ಇಳಿದುಹೋಗಿತ್ತು. ಹೆಂಡತಿ ಕಾಟಿನ ಪಕ್ಕ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತು, ನೀವ್ಯಾಕೆ ತ್ರಾಸು ತೆಗೆದುಕೊಂಡು ಬಂದಿರಿ ಎಂದರು. ಕೆಟ್ಟ ಮಾತು ಒಂದೂ ಇಲ್ಲ. ಗಂಡನಿಗೆ ಆಸೆ ಹಚ್ಚಿ ಕರೆದುಕೊಂಡು ಬಂದವಳು ತಾನೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದರು. ಡಾಕ್ಟರರು ಅದೇ ಹೊತ್ತಿಗೆ ಬಂದರು. ಚೀಟಿ ಬರೆಯುತ್ತ ಆಕೆಗೆ ಹೇಳಿದರು, ಇನ್ನು ಮೇಲೆ ಶೇಂಗಾವನ್ನೂ ಬಂದ್ ಮಾಡಬೇಕು, ರೊಟ್ಟಿಗೆ ಹಚ್ಚುವ ಚಟ್ನಿಪುಡಿಯ ಹಿಂಡಿ, ಎಣ್ಣೆ, ಉಂಡಿ ಏನೂ ಕೊಡಬಾರದು.

ಆಕೆ ಮೆಲ್ಲಗೆ ಕೇಳಿದರು, "ಮತ್ತ ಇವ್ರು ತಿನ್ನೂದರ ಏನ್ರಿ ಸಾಹೇಬ್ರ? ಹಾಲಿಲ್ಲ, ಮಸರಿಲ್ಲ. ರೊಟ್ಟಿಗಿ ಶೇಂಗಾದ ಹಿಂಡೀನ ಆಧಾರ ಐತಿ."

ಡಾಕ್ಟರರು ಉತ್ತರ ಕೊಡುವ ಮೊದಲು ನಾನು ಹೇಳಿದೆ. ಧೈರ್ಯದಿಂದ ಹೇಳಿದ್ದಲ್ಲ. ಆ ಚೀಟಿಯಲ್ಲಿ ಪೆನ್ನು ಓಡುತ್ತಿರುವುದು ಕಾಣುತ್ತಿತ್ತು, ಮಾತು ಹೊರಗೆ ಬಿತ್ತು. "ಶೇಂಗಾದ ತಪ್ಪಲ್ಲರಿ. ಅದರಾಗ ಅರ್ಧ ಎಮ್ಮಿ ಹಾಲಿತ್ತು. ನಾನ ಹಾಕಿದ್ದೆ."

ಡಾಕ್ಟರರು ತಲೆ ಎತ್ತಿ ನನ್ನನ್ನು ನೋಡಿ, ಚೀಟಿಯನ್ನು ಹರಿದು ಹೊಸದು ಬರೆದರು. ಹೆಂಡತಿ ಸೆರಗು ಸರಿಮಾಡಿಕೊಂಡು, "ನಾ ಕೇಳಿದ್ನಲ್ರಿ ಅಕ್ಕಾರ" ಎಂದರು. ಅಷ್ಟೇ. ಗಂಡ ಕಣ್ಣು ಮುಚ್ಚಿಕೊಂಡೇ ಇದ್ದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ನಾಲ್ಕನೇ ದಿನ ಅವರು ಮನೆಗೆ ಬಂದರು. ಎಂಟನೇ ದಿನ ಆಕೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಆಕೆ ಕೇಳಿದ್ದು ಒಂದೇ, ಹಾಲು ಹಾಕದೆ ಶೇಂಗಾದ ಕಾಫಿ ಆಗುತ್ತದೆಯೋ ಇಲ್ಲವೋ. ನನಗೆ ಗೊತ್ತಿಲ್ಲ ಎಂದೆ. ಬಹುಶಃ ಆ ಯೋಜನೆಯಲ್ಲಿ ನಾನು ಆಡಿದ ಮೊದಲ ಖರೆ ಮಾತು ಅದು.

"ಹಂಗಾದ್ರ ಬರ್ರಿ. ನಮ್ಮ ಮನಿಯಾಗ ಮಾಡ್ರಿ. ನನ್ನ ಕಣ್ಣಮುಂದ."

ಹೋಗಬೇಕೆಂದು ಆಗಲೇ ನಿರ್ಧರಿಸಿದೆ. ಸಾಹೇಬರಿಗಾಗಲಿ ಶಿಫಾರಸಿಗಾಗಲಿ ಅದರಲ್ಲಿ ಪಾಲಿರಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಎರಡು ತಾಸು ಅವರ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಪಡಸಾಲೆಯಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಗಂಡನಿಗೆ ಶಕ್ತಿ ಸಾಲದ್ದರಿಂದ ಸೀರೆ ನೇಯುತ್ತಿದ್ದವರು ಆಕೆಯೇ. ನನ್ನ ಕೈ ತಲುಪುವ ಮೊದಲು ಪ್ರತಿ ಪಾತ್ರೆಯನ್ನೂ ಆಕೆ ತೊಳೆದು, ಮೂಸಿ ನೋಡಿ ಇಡುತ್ತಿದ್ದರು. ನಾನು ಬಗ್ಗಿ ಒಲೆ ಊದುವಾಗಲೂ ನನ್ನ ಕೈಯ ಮೇಲೆ ಅವರ ಕಣ್ಣಿರುತ್ತಿತ್ತು. ಅದು ನನಗೆ ತಕ್ಕದ್ದೇ ಆಗಿತ್ತು.

ನಾನು ಕಾಗದದಲ್ಲಿ ಬರೆದುಕೊಂಡ ಕ್ರಮವನ್ನು ಆಕೆ ಮೂರೇ ದಿನದಲ್ಲಿ ಅರ್ಧ ಅಳಿಸಿದರು. ಕಾಳನ್ನು ಹಸಿಯಾಗಿ ನೆನೆಸಬೇಡಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಸಿಪ್ಪೆ ಉಜ್ಜಿ ಮೊರದಲ್ಲಿ ಕೇರಿ, ಆಮೇಲೆ ನೆನೆಸಿ ಎಂದರು. ಹಸಿ ವಾಸನೆ ಅಲ್ಲೇ ಹೋಯಿತು. ಹಿಂಡಿದ ಹಾಲನ್ನು ಕುದಿಸಿ, ಮಣ್ಣಿನ ಗಡಿಗೆಯಲ್ಲಿ ಹೊಯ್ದು, ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಬಿಟ್ಟೆವು. ಮೇಲೆ ಕಟ್ಟಿದ ಎಣ್ಣೆಯ ಪದರನ್ನು ಚಮಚದಿಂದ ತೆಗೆದೆವು. ನೊರೆಯನ್ನು ಕೊಲ್ಲುತ್ತಿದ್ದದ್ದು ಆ ಎಣ್ಣೆ. ಪದರು ತೆಗೆದ ಹಾಲನ್ನು ಮತ್ತೆ ಬಿಸಿ ಮಾಡಿ, ಕಿರಿದಾದ ಬಾಯಿಯ ಚರಿಗೆಯಲ್ಲಿ ಸಣ್ಣ ಕಡಗೋಲಿಟ್ಟು ಅಂಗೈಗಳ ನಡುವೆ ಬೇಗ ಬೇಗ ತಿರುಗಿಸಿದಾಗ, ಮೊದಲ ಸಲ ಸಣ್ಣ ಗುಳ್ಳೆಯ ನೊರೆ ಕಂಡಿತು.

ಆದರೆ ಡಿಕಾಕ್ಷನ್ ಬಿದ್ದ ಕೂಡಲೇ ಒಡೆಯುವುದು ನಿಲ್ಲಲಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದೆ. ಒಡೆಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಹೆಚ್ಚು ಹಾಕಿದರೆ ಬಾಯಿಗೆ ಸೋಡಾವೇ ಬರುತ್ತಿತ್ತು. ಒಂದು ವಾರ ಹೀಗೇ ಹೋಯಿತು. ಒಂದು ದಿನ ನಾನು ಎತ್ತಿ ಹೊಯ್ಯುವುದನ್ನು ನೋಡುತ್ತಿದ್ದ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದರು. ನೂಲಿಗೆ ಹಾಕುವ ಗಂಜಿ ಕಾಸುವುದು ಅವರ ದಿನದ ಕೆಲಸ.

"ಗಂಜಿ ಹಿಂಗ ಮಾಡಿದ್ರ ಗಂಟಾಗ್ತೈತ್ರಿ. ಕುದಿಯೂದಕ್ಕ ಕುದಿಯೂದು ಹಾಕಬಾರ್ದು. ಮೊದಲ ಒಂದ ಚಮಚ ಹಾಕ್ರಿ, ಅದಕ್ಕ ರೂಢಿ ಆಗ್ಲಿ."

ಬೆರಳಿಟ್ಟರೆ ಮೂರು ಎಣಿಸುವಷ್ಟು ತಾಳುವ ಬಿಸಿಗೆ ಹಾಲನ್ನು ಇಳಿಸಿದೆವು. ಡಿಕಾಕ್ಷನ್ನನ್ನೂ ಅಷ್ಟಕ್ಕೇ ಆರಿಸಿ, ಒಂದು ಚಮಚ ಹಾಕಿ ಕಲಕಿ, ಇನ್ನೊಂದು ಚಮಚ ಹಾಕಿ ಕಲಕಿ, ಉಳಿದದ್ದನ್ನು ಅಂಚಿನಿಂದ ಇಳಿಬಿಟ್ಟೆವು. ಒಡೆಯಲಿಲ್ಲ. ನೊರೆಯನ್ನು ಕೊನೆಗೆ ಮೇಲೆ ಇಟ್ಟೆವು. ಅರ್ಧ ಬೆರಳು ನಿಂತಿತು. ಪೋಷಕಾಂಶದ ಭಾಷಣ ಮಾಡಿದವರಿಗೆ, ತರಬೇತಿ ಪಡೆದ ನನಗೆ ಹೊಳೆಯದ್ದು, ಗಂಜಿ ಕಾಸುವ ಕೈಗೆ ಗೊತ್ತಿತ್ತು.

ಮೊದಲ ಕಪ್ಪನ್ನು ಆಕೆ ಗಂಡನಿಗೆ ಕೊಡಲಿಲ್ಲ. ತಾವೇ ಕುಡಿದರು. ಎರಡನೇ ದಿನ ಅವರಿಗೆ ಎರಡು ಚಮಚ, ಮರುದಿನ ಕಾದು ನೋಡಿ ಕಾಲು ಕಪ್ಪು. ಹತ್ತು ದಿನದ ಮೇಲೆ ಮಿಲ್ಟ್ರಿಯವರು ಪೂರ್ತಿ ಕಪ್ಪು ಕುಡಿದರು. ಹೊಟ್ಟೆ ಸುಮ್ಮನಿತ್ತು. ಮದ್ರಾಸಿನ ಕಾಫಿಯ ಹಾಗಿಲ್ಲ, ಆದರೂ ಕಾಫಿಯೇ ಎಂದು ಹೆಂಡತಿಗೆ ಹೇಳಿದರು. ನನ್ನ ಜೊತೆ ಅವರು ಮಾತು ಬಿಟ್ಟಿದ್ದರು.

ವಿಜಾಪುರದ ಮೇಲಧಿಕಾರಿಗಳು ಬಂದ ದಿನ ಅದೇ ಹತ್ತು ಮಗ್ಗದ ಮಾಲೀಕರ ಪಡಸಾಲೆ. ಮುಚ್ಚಿದ ಡಬ್ಬಿಯೂ ಬಂದಿತ್ತು. ನಾನು ಅದನ್ನು ತೆರೆಯದೆ ಬಾಗಿಲ ಹೊರಗೆ ಕಟ್ಟೆಯ ಮೇಲೆ ಇಟ್ಟೆ. ಬರೀ ಶೇಂಗಾ ಹಾಲಿನಿಂದ, ಕಲಿತ ಕ್ರಮದಲ್ಲಿ, ಎಲ್ಲರೆದುರು ಮಾಡಿದೆ. ಸಾಹೇಬರು ಕಪ್ಪಿಗೆ ಬೆರಳು ಅಡ್ಡ ಹಿಡಿದರು. ಬೆರಳಿನ ಅರ್ಧಕ್ಕೆ ನೊರೆ ನಿಂತಿತ್ತು. ಮೇಲಧಿಕಾರಿಗಳ ಕಡೆ ತಿರುಗಿ, ಹೋದ ಸಲ ಇದರ ಎರಡರಷ್ಟು ಬಂದಿತ್ತು, ಈ ಹೆಣ್ಣುಮಗಳಿಗೆ ಇವತ್ತು ಕೈ ಕೂಡಿಲ್ಲ ಎಂದರು. ನಾನು ಎದ್ದು ನಿಂತು, ಹೋದ ಸಲ ಅರ್ಧ ಎಮ್ಮೆಯ ಹಾಲಿತ್ತು, ಅದನ್ನು ಕುಡಿದು ಒಬ್ಬರು ದವಾಖಾನೆ ಸೇರಿದ್ದರು, ಇವತ್ತಿನ ಡಬ್ಬಿ ಹೊರಗೆ ಕಟ್ಟೆಯ ಮೇಲಿದೆ ಎಂದು ಹೇಳಿದೆ.

ಮೇಲಧಿಕಾರಿಗಳು ನಮ್ಮ ಕಡೆಯವರೇ. ಸಿಟ್ಟು ಮಾಡುತ್ತಾರೆ, ವಿಚಾರಣೆ ಮಾಡುತ್ತಾರೆ ಎಂದು ನಾನು ಕಾದೆ. ಅವರು ಒಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟು, "ಇರ್ಲಿ ಬಿಡ್ರಿ. ಚಾ ಐತೇನ್ರಿ ಮನಿಯಾಗ?" ಎಂದು ಮಾಲೀಕರನ್ನು ಕೇಳಿದರು. ಚಹಾ ಬಂತು. ಕುಡಿದು ಹೋದರು.

ಮೂರು ತಿಂಗಳಲ್ಲಿ ಯೋಜನೆ ಕಡತ ಸೇರಿತು. ನೊರೆಯ ಫೋಟೋ ಮಾತ್ರ ವರದಿಯಲ್ಲಿ ಉಳಿಯಿತು. ಸಾಹೇಬರಿಗೆ ಬಡ್ತಿ ಸಿಕ್ಕಿ ತಮ್ಮ ಊರಿನ ಹತ್ತಿರಕ್ಕೇ ವರ್ಗವಾಯಿತು. ಬೀಳ್ಕೊಡುವ ಸಭೆಯಲ್ಲಿ ಅವರು ಈ ಪ್ರದೇಶಕ್ಕೆ ಮಾಡಿದ ಸೇವೆಯನ್ನು ಮೂವರು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಲಿಲ್ಲ. ನನ್ನ ಇಡೀ ಪ್ರತಿಭಟನೆ ಅಷ್ಟೇ. ನನ್ನ ಶಿಫಾರಸು ಸಹಿಯಿಲ್ಲದೆ ಹಿಂದಕ್ಕೆ ಬಂತು. ನನ್ನನ್ನು ಬಾದಾಮಿಗೆ ಹಾಕಿದರು. ಕಾಯಂ ಆಗಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ಬಾದಾಮಿಗೆ ಹೊರಟ ದಿನ ಬೆಳಿಗ್ಗೆ ಅವರ ಮನೆಗೆ ಹೇಳಿ ಹೋಗಲು ಹೋದೆ. ಮಿಲ್ಟ್ರಿಯವರು ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು. ಆಕೆ ಮಗ್ಗದಿಂದ ಎದ್ದು ಬಂದು ಎರಡು ಕಪ್ಪು ಕಾಫಿ ಮಾಡಿದರು. ನನ್ನ ಕೈ ಒಂದು ಪಾತ್ರೆಗೂ ತಾಗಲಿಲ್ಲ. ಅವರ ಕಡಗೋಲು ನನ್ನದಕ್ಕಿಂತ ಬೇಗ ತಿರುಗಿತು. ಒಂದು ಕಪ್ಪು ಗಂಡನಿಗೆ ಕೊಟ್ಟರು, ಈ ಸಲ ತಾವು ಮೊದಲು ಕುಡಿದು ನೋಡಲಿಲ್ಲ. ಇನ್ನೊಂದು ನನಗೆ.

ಕೇಳಬಾರದಿತ್ತು, ಕೇಳಿದೆ. ಈಗ ನಿಮಗೆ ನಂಬಿಕೆ ಬಂತಲ್ಲ ಎಂದೆ.

ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿಯಲ್ಲಿ ಹೇಳಿದರು.

"ಶೇಂಗಾದ ಮ್ಯಾಲ ಬಂತ್ರಿ, ಅಕ್ಕಾರ."

ನಾನು ಕಾಫಿ ಪೂರ್ತಿ ಕುಡಿದೆ. ಚೆನ್ನಾಗಿತ್ತು.